ವ್ಯಾಪಾರಿಗಳನ್ನು ಅಣ್ಣ, ಅಕ್ಕ ಎಂದು ಕರೆಯುವ ಕುರಿತು ತಿದ್ದುಪಡಿ

ತೆರಿಗೆ ವೃತ್ತ ಕಚೇರಿ
ಸಣ್ಣ ವ್ಯಾಪಾರಿಗಳ ಅರಿವು ಮತ್ತು ಪಾಲನಾ ಶಾಖೆ
(ಎರಡನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಡೆ)

ಸಂಖ್ಯೆ: ಅರಿವು/ಸಂಬೋಧನೆ/ತಿದ್ದುಪಡಿ-1
ತುರ್ತು

ಸುತ್ತೋಲೆ

ವಿಷಯ: ಸಣ್ಣ ವ್ಯಾಪಾರಿಗಳಲ್ಲಿ ತೆರಿಗೆಯ ಅರಿವು ಮೂಡಿಸಲು ಹೋಗುವ ಸಿಬ್ಬಂದಿಯು ಸದರಿ ವ್ಯಾಪಾರಿಗಳನ್ನು ಏನೆಂದು ಕರೆಯತಕ್ಕದ್ದು ಎಂಬ ಬಗ್ಗೆ.

ಉಲ್ಲೇಖ:
1) ಮಾನ್ಯ ವೃತ್ತಾಧಿಕಾರಿಗಳ ಹಿಂದಿನ ಸುತ್ತೋಲೆ, ‘ಸಂಬಂಧಸೂಚಕ ಪದಗಳ ನಿಷೇಧ’.
2) ಕ್ಷೇತ್ರ ಸಿಬ್ಬಂದಿಯ ವರದಿ (ಓಡುತ್ತಾ ಬರೆದಿರುವುದರಿಂದ ಅಕ್ಷರ ಸ್ಪಷ್ಟವಿಲ್ಲ).
3) ಮಾನ್ಯ ವೃತ್ತಾಧಿಕಾರಿಗಳ ಮೌಖಿಕ ಸೂಚನೆ: “ನನ್ನ ಪ್ಯಾಂಟು ಎಲ್ರೀ?”

ಪ್ರಸ್ತಾವನೆ:

ಈ ಕಚೇರಿಯ ಹಿಂಬದಿಯ ಬೀದಿಯಲ್ಲಿರುವ ಸಣ್ಣ ಅಂಗಡಿಗಳವರು ತೆರಿಗೆ ಎಂದರೆ ಮಾರು ದೂರ ಹಾರುತ್ತಿರುವುದು ಗಮನಕ್ಕೆ ಬಂದ ಮೇರೆಗೆ, ಅವರಲ್ಲಿ ಅರಿವು ಮೂಡಿಸುವ ಅಭಿಯಾನವನ್ನು ಕೈಗೊಳ್ಳಲಾಗಿತ್ತು. ಯಾರು ನೋಂದಣಿ ಮಾಡಿಸಬೇಕು, ಯಾರು ಮಾಡಿಸಬೇಕಿಲ್ಲ, ಬಿಲ್ಲು ಕೊಟ್ಟರೆ ಕೈ ಸವೆಯುವುದಿಲ್ಲ, ಇಲಾಖೆಯವರು ಮನುಷ್ಯರನ್ನು ತಿನ್ನುವುದಿಲ್ಲ ಎಂಬ ವಿಷಯಗಳನ್ನು ತಿಳಿಸುವುದು ಇದರ ಉದ್ದೇಶವಾಗಿತ್ತು.

ಮೊದಲ ಹಂತದಲ್ಲಿ ಸಿಬ್ಬಂದಿಯು ಸದರಿ ಬೀದಿಗೆ ಹೋಗಿ, ಎಲ್ಲರನ್ನೂ ಬಾಯಿ ತುಂಬ ಅಣ್ಣ, ಅಕ್ಕ ಎಂದು ಕರೆದು, ಕೊಟ್ಟ ಟೀ ಕುಡಿದು, ಮಕ್ಕಳ ಓದು, ಮುದುಕರ ಮಂಡಿ ನೋವು ಎಲ್ಲವನ್ನೂ ವಿಚಾರಿಸಿ, ಕಿತ್ತ ಚಪ್ಪಲಿ ಹೊಲಿಸಿಕೊಂಡು, ತೆರಿಗೆಯ ಮಾತೆತ್ತುವುದನ್ನು ಮಾತ್ರ ಮರೆತು ವಾಪಸಾಗುತ್ತಿದ್ದರು. ಇದರಿಂದ ಕೆರಳಿದ ಮಾನ್ಯ ವೃತ್ತಾಧಿಕಾರಿಗಳು “ಅಣ್ಣ ತಮ್ಮ ಅಂತ ಹೊಟ್ಟೆ ತುಂಬ ಟೀ ಕುಡ್ಕೊಂಡು ಬರ್ತೀರಲ್ರೀ, ತೆರಿಗೆ ವಿಷಯ ಮಾತಾಡೋರು ಯಾರು?” ಎಂದು ಕೇಳಿ, ಉಲ್ಲೇಖ (1)ರ ಸುತ್ತೋಲೆಯನ್ನು ಹೊರಡಿಸಿದರು. ಅದರನ್ವಯ ಯಾವುದೇ ವ್ಯಾಪಾರಿಯನ್ನು ಅಣ್ಣ, ಅಕ್ಕ, ಮಾವ, ದೊಡ್ಡಮ್ಮ ಇತ್ಯಾದಿಯಾಗಿ ಕರೆಯುವುದನ್ನು ನಿಷೇಧಿಸಿ, “ಸದರಿ ವ್ಯಾಪಾರಿಯವರೇ” ಎಂದೇ ಸಂಬೋಧಿಸಲು ಹಾಗೂ ಟೀ ಮುಟ್ಟದಿರಲು ಆದೇಶಿಸಲಾಯಿತು.

ಪರಿಣಾಮಗಳು ಈ ಕೆಳಕಂಡಂತಿವೆ:

ಕ್ಷೌರದ ಅಂಗಡಿಯವರು ಗಿರಾಕಿಯ ಮೀಸೆ ಸರಿಮಾಡುತ್ತಿದ್ದಾಗ ಬಾಗಿಲಲ್ಲಿ ನಿಂತು “ಸದರಿ ವ್ಯಾಪಾರಿಯವರೇ” ಎಂದು ಕರೆಯಲಾಗಿ, ಅವರು ಕತ್ತಿ ಎತ್ತದೆಯೇ ಬಾಗಿಲ ಕಡೆ ತಿರುಗಿದ್ದರಿಂದ ಮೀಸೆಯ ಒಂದು ಪಾರ್ಶ್ವ ಪೂರ್ತಿ ನಿರ್ನಾಮವಾಯಿತು. ಸದರಿ ಗಿರಾಕಿಯು ಈ ಕಚೇರಿಯ ದಾಖಲೆ ಕೊಠಡಿಯ ಗುಮಾಸ್ತರೇ ಆಗಿದ್ದು, ಅಂದಿನಿಂದ ಗೋಡೆಯ ಕಡೆ ಮುಖ ಮಾಡಿ ಕೆಲಸ ನಿರ್ವಹಿಸುತ್ತಿದ್ದಾರೆ. ಇಸ್ತ್ರಿ ಅಂಗಡಿಯವರು “ಸದರಿ ಅಂದ್ರೆ ಏನ್ ಸಾರ್? ಅದಕ್ಕೆ ಜಾಮೀನು ಸಿಗುತ್ತಾ?” ಎಂದು ಕೇಳಿ, ಉತ್ತರಕ್ಕೆ ಕಾಯುತ್ತಾ ಪರರ ಅಂಗಿಯೊಂದನ್ನು ಸುಟ್ಟಿರುತ್ತಾರೆ. ಬೀಗದ ಕೈ ಮಾಡುವವರು ತಮ್ಮ ಕುರ್ಚಿಯಲ್ಲಿಯೇ ಕುಳಿತು “ಅಂಗಡಿಯವ್ರು ಊರಲ್ಲಿಲ್ಲ ಸಾರ್” ಎಂದು ತಿಳಿಸಿದ್ದಾರೆ. ಈಗ ಇಲಾಖೆಯ ಜೀಪು ಬೀದಿಯ ತಿರುವಿನಲ್ಲಿ ಕೆಮ್ಮಿದರೂ ಸಾಕು, ಈ ತುದಿಯಿಂದ ಆ ತುದಿಯವರೆಗೆ ಷಟರುಗಳು ದಡದಡನೆ ಇಳಿಯುತ್ತಿವೆ.

ಹೊಲಿಗೆ ಅಂಗಡಿಯ ಪ್ರಕರಣ:

ಸದರಿ ಬೀದಿಯ ನಡುವೆ ಇರುವ ಹೊಲಿಗೆ ಅಂಗಡಿಗೆ ಈ ಕೆಳಗೆ ಸಹಿ ಮಾಡಿರುವ ಅಧಿಕಾರಿಯವರು (ಇನ್ನು ಮುಂದೆ ‘ಕೆಳಸಹಿದಾರರು’) ಖುದ್ದಾಗಿ ಭೇಟಿ ನೀಡಿದ್ದರು. ಅಂಗಡಿಯ ಮಾಲೀಕರು ಮಿಷನ್ ನಿಲ್ಲಿಸಿ, ಕೊರಳಿನ ಟೇಪು ತೆಗೆದಿಟ್ಟು, “ಬಾರೋ, ಈ ಬಿಸಿಲಲ್ಲಿ ನಡ್ಕೊಂಡು ಬಂದ್ಯಾ? ಕೂತ್ಕೋ, ಮುಖ ನೋಡು ಹೇಗಾಗಿದೆ” ಎಂದು ನುಡಿದು, ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಸರಿಸಿ ಜಾಗ ಮಾಡಿಕೊಟ್ಟರು. ಕೆಳಸಹಿದಾರರು ಉಲ್ಲೇಖ (1)ರ ಸುತ್ತೋಲೆಗೆ ಬದ್ಧರಾಗಿ, ಕೂರದೆ, ನಿಂತಲ್ಲೇ ನಿಂತು, “ಸದರಿ ಮಾಲೀಕರೇ, ತಮ್ಮ ವಹಿವಾಟಿನ ವಿವರಗಳನ್ನು ಒದಗಿಸತಕ್ಕದ್ದು” ಎಂದು ಹೇಳಿರುತ್ತಾರೆ. ಆ ಸಮಯದಲ್ಲಿ ಅಳತೆ ಕೊಡಲು ಬಂದಿದ್ದ ಇಬ್ಬರು ಗಿರಾಕಿಗಳು ಹಾಜರಿದ್ದರು.

ಸದರಿ ಮಾಲೀಕರು ಕೆಳಸಹಿದಾರರ ಒಡಹುಟ್ಟಿದ ಅಕ್ಕನವರಾಗಿರುತ್ತಾರೆ. ಕೆಳಸಹಿದಾರರನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವರೂ ಅವರೇ ಆಗಿದ್ದು, ಇದಕ್ಕೆ ದಾಖಲೆ ಲಗತ್ತಿಸಲು ಸಾಧ್ಯವಿಲ್ಲ.

ಅಕ್ಕನವರು ಕತ್ತರಿಯನ್ನು ಮೇಜಿನ ಮೇಲಿಟ್ಟು, “ಸರಿ ಸಾರ್” ಎಂದರು. ಗಿರಾಕಿಗಳನ್ನು ಮನೆಗೆ ಕಳಿಸಿದರು. ಷಟರ್ ಎಳೆದುಕೊಂಡರು. ಅಕ್ಕನ ಬಾಯಲ್ಲಿ ‘ಸಾರ್’ ಎಂಬ ಪದವು ಅದಕ್ಕೂ ಮೊದಲು ಎಂದೂ ಬಂದಿರಲಿಲ್ಲ ಎಂಬುದನ್ನು ಈ ಮೂಲಕ ದಾಖಲಿಸಲಾಗಿದೆ. ಅಂದಿನಿಂದ ಸದರಿ ಷಟರ್ ಎದ್ದಿಲ್ಲ.

ಅಕ್ಕನವರು ಅಂಗಡಿಯ ಹಿಂದಿನ ಕೋಣೆಯಲ್ಲಿಯೇ ವಾಸವಿರುತ್ತಾರೆ. ಕೆಳಸಹಿದಾರರ ಕರೆಗಳನ್ನು ಸ್ವೀಕರಿಸುತ್ತಿಲ್ಲ. ಕೆಳಸಹಿದಾರರ ಹೆಂಡತಿಯ ಫೋನಿನಿಂದ ಕರೆ ಮಾಡಿದಾಗ ಹೆಂಡತಿಯ ಜೊತೆ ನಗುನಗುತ್ತಾ ಮಾತನಾಡಿ, ಫೋನ್ ಕೈ ಬದಲಾದೊಡನೆ ಕಟ್ ಮಾಡಿರುತ್ತಾರೆ. ವಿಷಯವನ್ನು ತಾವೇ ತಿಳಿಸುವಂತೆ ಹೆಂಡತಿಯವರನ್ನು ಕೋರಲಾಗಿ, “ಕೆಡಿಸಿದ್ದು ನೀವು, ಸರಿಮಾಡೋದೂ ನೀವೇ, ನನ್ನನ್ನ ನಡುವೆ ಎಳೀಬೇಡಿ” ಎಂಬ ಷರಾದೊಂದಿಗೆ ಕೋರಿಕೆಯನ್ನು ತಿರಸ್ಕರಿಸಲಾಗಿದೆ.

ಈ ನಡುವೆ ಕ್ಷೌರದ ಅಂಗಡಿಯವರಿಂದ ತಿಳಿದುಬಂದಿರುವುದೇನೆಂದರೆ: “ಸ್ವಂತ ತಮ್ಮನೇ ಹಂಗೆ ಮಾತಾಡಿದ ಅಂದ್ಮೇಲೆ ಏನೋ ದೊಡ್ಡದೇ ಕಾದಿರ್ಬೇಕು ಅಂತ ಅಕ್ಕ ಹೆದರ್ಕೊಂಡ್ಬಿಟ್ಟಿದ್ದಾರೆ ಸಾರ್. ಅಂಗಡಿ ಎತ್ತಿಬಿಡ್ತಾರಂತೆ. ಸೋಮವಾರ ಮಿಷನ್ ನೋಡೋಕೆ ಯಾರೋ ಬರ್ತಾರೆ.”

ವಾಸ್ತವದಲ್ಲಿ ಸದರಿ ಅಂಗಡಿಯ ವಹಿವಾಟು ತೆರಿಗೆಯ ಮಿತಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ಅಕ್ಕನವರು ಇಲಾಖೆಗೆ ಚಿಕ್ಕಾಸನ್ನೂ ಕಟ್ಟಬೇಕಾಗಿಲ್ಲ. ಆ ಮಾತನ್ನು ಹೇಳಲೆಂದೇ ಕೆಳಸಹಿದಾರರು ಅಂದು ಹೋಗಿದ್ದು, ಸುತ್ತೋಲೆಯ ಪ್ರಕಾರ ಸಂಬೋಧನೆ ಮೊದಲು, ವಿಷಯ ಆಮೇಲೆ ಎಂದಿದ್ದುದರಿಂದ ವಿಷಯದವರೆಗೆ ತಲುಪಲು ಆಗಲಿಲ್ಲ.

ಇದೂ ಅಲ್ಲದೆ, ಮಾನ್ಯ ವೃತ್ತಾಧಿಕಾರಿಗಳು ಸೊಂಟ ಸಡಿಲಿಸಲು ಕೊಟ್ಟಿದ್ದ ಪ್ಯಾಂಟುಗಳು ಸದರಿ ಷಟರಿನ ಒಳಗೇ ಸಿಲುಕಿಕೊಂಡಿವೆ. ಮಾನ್ಯರು ಸದ್ಯ ಗುಂಡಿ ಹಾಕಲಾಗದ ಹಳೆಯ ಪ್ಯಾಂಟೊಂದರಲ್ಲಿ, ಮಡಿಲಲ್ಲಿ ದಪ್ಪನೆಯ ಕಡತವಿಟ್ಟುಕೊಂಡು, ಕುಳಿತಲ್ಲಿಂದಲೇ ಆಡಳಿತ ನಡೆಸುತ್ತಿದ್ದಾರೆ. ಉಲ್ಲೇಖ (1)ರ ಸುತ್ತೋಲೆಯಲ್ಲಿ ತಿದ್ದುಪಡಿ ತರುವ ಅಗತ್ಯವು ಮಾನ್ಯರಿಗೆ ಮನವರಿಕೆಯಾಗಲು ಇದು ಸಹಕಾರಿಯಾಯಿತು.

ಮೇಲ್ಕಂಡ ಹಿನ್ನೆಲೆಯಲ್ಲಿ, ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ‘ಅಣ್ಣ’ ಎಂದರೆ, ಸಿಬ್ಬಂದಿಗಿಂತ ವಯಸ್ಸಿನಲ್ಲಿ ಹಿರಿಯರಂತೆ ಕಾಣುವ, ಅಥವಾ ಕಾಣದಿದ್ದರೂ ಕೈಯಲ್ಲಿ ಸುತ್ತಿಗೆ, ಕತ್ತರಿ, ಕಾದ ಇಸ್ತ್ರಿಪೆಟ್ಟಿಗೆ ಮುಂತಾದವನ್ನು ಹಿಡಿದಿರುವ ಯಾವುದೇ ಪುರುಷ ವ್ಯಾಪಾರಿ ಎಂದು ಅರ್ಥೈಸತಕ್ಕದ್ದು.

2. ‘ಅಕ್ಕ’ ಎಂದರೆ ವ್ಯಾಪಾರ ಮಾಡುವ ಯಾವುದೇ ಮಹಿಳೆ. ವಯಸ್ಸಿನ ಬಗ್ಗೆ ಸಂದೇಹ ಬಂದಲ್ಲಿ ಅಕ್ಕ. ಸಂದೇಹ ಬಾರದಿದ್ದಲ್ಲಿಯೂ ಅಕ್ಕ. ‘ಆಂಟಿ’ ಎಂದು ಕರೆಯಬಯಸುವ ಸಿಬ್ಬಂದಿಯು ಮುಂದಾಗುವುದಕ್ಕೆ ತಾವೇ ಹೊಣೆ ಎಂದು ಮುಂಚಿತವಾಗಿ ಬರೆದುಕೊಡತಕ್ಕದ್ದು. ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮಾಲೀಕರನ್ನು ಹೊಸ ಸಿಬ್ಬಂದಿಯೊಬ್ಬರು ‘ಅಜ್ಜಿ’ ಎಂದಿರುವುದರಿಂದ, ಸದರಿ ಅಂಗಡಿಯಲ್ಲಿ ಅರಿವು ಮೂಡಿಸುವ ಸಾಧ್ಯತೆಯು ಶಾಶ್ವತವಾಗಿ ಮುಕ್ತಾಯಗೊಂಡಿದೆ ಎಂದು ಪರಿಗಣಿಸಲಾಗಿದೆ. ತಲೆಗೆ ಬಿದ್ದ ಬಕೆಟ್ಟಿನ ಬಗ್ಗೆ ಯಾವುದೇ ಪರಿಹಾರ ದೊರೆಯುವುದಿಲ್ಲ.

3. ‘ಅಣ್ಣಾ’ ಎಂದು ಕೂಗುವಾಗ ಕೊನೆಯ ಅಕ್ಷರವನ್ನು ಹಿತಮಿತವಾಗಿ ಎಳೆಯತಕ್ಕದ್ದು. ಎಳೆಯದೇ ಹೋದರೆ ಜಗಳಕ್ಕೆ ಬಂದಂತೆಯೂ, ವಿಪರೀತ ಎಳೆದರೆ ಸಾಲ ಕೇಳಲು ಬಂದಂತೆಯೂ ಕೇಳಿಸುವುದಾಗಿ ಕ್ಷೇತ್ರದಿಂದ ವರದಿಯಾಗಿದೆ. ಈ ಬಗ್ಗೆ ಪ್ರತಿದಿನ ಕಚೇರಿ ಆರಂಭವಾಗುವ ಮುನ್ನ ಮೆಟ್ಟಿಲುಗಳ ಬಳಿ ಸಾಮೂಹಿಕ ಅಭ್ಯಾಸವಿರುತ್ತದೆ. ಅಭ್ಯಾಸದ ಸಮಯದಲ್ಲಿ ಮಾನ್ಯ ವೃತ್ತಾಧಿಕಾರಿಗಳು ಹಾದುಹೋದರೆ ಅವರನ್ನು ಅಣ್ಣಾ ಎಂದು ಕರೆಯುವಂತಿಲ್ಲ. ಪ್ರಾಯೋಗಿಕ ಅಭ್ಯಾಸದ ದಿನ ಹಾಗೆ ಕರೆದವರು ಯಾರೆಂದು ತನಿಖೆ ನಡೆಯುತ್ತಿದೆ.

4. ಟೀ ಸ್ವೀಕಾರ: ವ್ಯಾಪಾರಿಯು ಟೀ ನೀಡಿದಾಗ ಮೊದಲು “ಬೇಡ ಅಣ್ಣಾ”, ನಂತರ “ಯಾಕಣ್ಣಾ ಸುಮ್ನೆ ತೊಂದ್ರೆ” ಎಂದು ಹೇಳಿ, ಆಮೇಲೆ ಸ್ವೀಕರಿಸತಕ್ಕದ್ದು. ಕೇಳಿದೊಡನೆ ಒಪ್ಪಿದರೆ ಆಸೆಬುರುಕರೆಂದೂ, ಕೊನೆಯವರೆಗೂ ಒಪ್ಪದಿದ್ದರೆ ದಾಳಿಗೆ ಬಂದವರೆಂದೂ ಭಾವಿಸಲಾಗುತ್ತದೆ. ಲೋಟ ಅರ್ಧವಾಗುವುದರೊಳಗೆ ತೆರಿಗೆಯ ವಿಷಯವನ್ನು ಎತ್ತತಕ್ಕದ್ದು. ಎತ್ತಲು ಮರೆತವರು ಉಳಿದರ್ಧವನ್ನು ಕುಡಿಯಲು ಅನರ್ಹರು.

5. ‘ಸದರಿ’, ‘ಮೇರೆಗೆ’, ‘ತಕ್ಕದ್ದು’, ‘ತಪ್ಪಿದಲ್ಲಿ’ ಮುಂತಾದ ಪದಗಳನ್ನು ಬೀದಿಯಲ್ಲಿ ಉಚ್ಚರಿಸುವಂತಿಲ್ಲ. (ಕಾಗದದ ಮೇಲೆ ಬರೆಯಲು ಅಡ್ಡಿಯಿಲ್ಲ, ಬರೆಯದಿದ್ದರೆ ಇದು ಸುತ್ತೋಲೆಯೇ ಅಲ್ಲ ಎಂದು ಲೆಕ್ಕಪರಿಶೋಧನೆಯವರು ಆಕ್ಷೇಪಿಸುತ್ತಾರೆ.) ಸದರಿ ಪದಗಳಿಲ್ಲದೆ ಮಾತನಾಡಲು ಬಾರದ ಹಿರಿಯ ಸಿಬ್ಬಂದಿಯು ಮನೆಯಲ್ಲಿ ರೂಢಿ ಮಾಡಿಕೊಳ್ಳತಕ್ಕದ್ದು. ಈ ಕಚೇರಿಯ ಅಧೀಕ್ಷಕರು ಊಟಕ್ಕೆ ಕುಳಿತಾಗ “ಸದರಿ ಸಾರಿಗೆ ಉಪ್ಪು ಒದಗಿಸುವುದು” ಎಂದಿದ್ದಕ್ಕೆ, ಅವರ ಮನೆಯವರು ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಲು ತಿಳಿಸಿರುತ್ತಾರೆ.

6. ವಾಹನ ಮತ್ತು ಕಡತ: ಜೀಪನ್ನು ಬಳಸುವಂತಿಲ್ಲ. ಸಿಬ್ಬಂದಿಯು ಕಾಲ್ನಡಿಗೆಯಲ್ಲಿ, ಮನೆಗೆ ಸಾಮಾನು ತರಲು ಹೊರಟವರ ಮುಖಭಾವದಲ್ಲಿ ಹೋಗತಕ್ಕದ್ದು. ಅರಿವಿನ ಕರಪತ್ರಗಳನ್ನು ಕೆಂಪು ದಾರ ಕಟ್ಟಿದ ಕಡತದಲ್ಲಿ ಒಯ್ಯದೆ ತರಕಾರಿ ಚೀಲದಲ್ಲಿ ಒಯ್ಯತಕ್ಕದ್ದು. ಚೀಲದ ಬಾಯಲ್ಲಿ ಒಂದು ಕಟ್ಟು ಸೊಪ್ಪು ಎಲ್ಲರಿಗೂ ಕಾಣುವಂತಿರಬೇಕು. ಸೊಪ್ಪಿನ ವೆಚ್ಚವನ್ನು ಇಲಾಖೆ ಭರಿಸುವುದಿಲ್ಲ. ಭೇಟಿ ಮುಗಿದ ನಂತರ ಸೊಪ್ಪನ್ನು ಕಚೇರಿಯ ಬೀರುವಿನಲ್ಲಿ ಇರಿಸುವಂತಿಲ್ಲ. ಕಳೆದ ವಾರದ ಪ್ರಾಯೋಗಿಕ ಭೇಟಿಯ ನಂತರ ಇರಿಸಿದವರು ಯಾರೇ ಆಗಿರಲಿ, ಬಂದು ತೆಗೆಯತಕ್ಕದ್ದು. ಮೂಗು ಮುಚ್ಚಿಕೊಂಡು ಟಿಪ್ಪಣಿ ಬರೆಯುವುದು ಕಷ್ಟವಾಗಿದೆ.

7. “ಅಂಗಡಿಯವ್ರು ಊರಲ್ಲಿಲ್ಲ” ಎಂದು ಅಂಗಡಿಯವರೇ ಹೇಳಿದ ಪಕ್ಷದಲ್ಲಿ ಸಿಬ್ಬಂದಿಯು ವಾದಿಸತಕ್ಕದ್ದಲ್ಲ. “ಹೌದಾ ಅಣ್ಣಾ? ಅವರು ಬಂದ್ಮೇಲೆ ಸ್ವಲ್ಪ ಹೇಳ್ಬಿಡಿ” ಎಂದು, ತಿಳಿಸಬೇಕಾದ್ದನ್ನೆಲ್ಲ ಅವರಿಗೇ ತಿಳಿಸಿ ಬರತಕ್ಕದ್ದು. ಈ ಕ್ರಮವನ್ನು ಪ್ರಾಯೋಗಿಕವಾಗಿ ಬೀಗದ ಕೈ ಮಾಡುವವರ ಮೇಲೆ ಜಾರಿಗೊಳಿಸಲಾಗಿದೆ. ಅವರು ಎಲ್ಲವನ್ನೂ ಕಿವಿಗೊಟ್ಟು ಕೇಳಿ, ಮರುದಿನ ತಾವಾಗಿಯೇ ಕಚೇರಿಗೆ ಬಂದು, “ನಮ್ಮ ಅಂಗಡಿಯವ್ರು ಕೇಳಿ ಬಾ ಅಂದ್ರು” ಎಂದು ಬಹಳ ಒಳ್ಳೆಯ ಪ್ರಶ್ನೆಗಳನ್ನು ಕೇಳಿ, ತಮ್ಮದೇ ಪರವಾಗಿ ತಾವೇ ನೋಂದಣಿ ಮಾಡಿಸಿಕೊಂಡು ಹೋಗಿದ್ದಾರೆ. ಅಭಿಯಾನ ಆರಂಭವಾದ ಮೇಲೆ ಇದೇ ಮೊದಲ ನೋಂದಣಿಯಾಗಿದ್ದು, ಅಂಗಡಿಯವರು ಇನ್ನೂ ಊರಿಗೆ ಬಂದಿಲ್ಲ.

8. ವ್ಯಾಪಾರಿಯು ಪ್ರಶ್ನೆ ಕೇಳಿದಲ್ಲಿ ನಗತಕ್ಕದ್ದಲ್ಲ. “ಒಂದು ಸಲ ಬಿಲ್ಲು ಬರೆದ್ರೆ ಮನೆ ಮಠ ಎಲ್ಲ ನಿಮ್ಮ ಹೆಸರಿಗೆ ಆಗ್ಬಿಡುತ್ತಂತೆ ಹೌದಾ?” ಎಂದು ಇಸ್ತ್ರಿ ಅಂಗಡಿಯವರು ಕೇಳಿದ್ದು ತಮಾಷೆಗಲ್ಲ, ಅವರು ಅದನ್ನು ನಿಜವೆಂದೇ ನಂಬಿ ಎಷ್ಟೋ ಕಾಲದಿಂದ ನಿದ್ದೆಗೆಟ್ಟಿದ್ದಾರೆ. ಶಾಖೆಯ ಮಹಿಳಾ ಗುಮಾಸ್ತರೊಬ್ಬರು “ಅಯ್ಯೋ ಅಣ್ಣಾ, ಯಾರು ಹೇಳಿದ್ದು ನಿಮಗೆ? ಹಾಗೆಲ್ಲ ಏನೂ ಇಲ್ಲ, ಕೂತ್ಕೊಳ್ಳಿ, ನಾನು ಹೇಳ್ತೀನಿ” ಎಂದ ಮೇಲೆ ಅವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸಮಾಧಾನದ ಉಸಿರು ಬಿಟ್ಟಿದ್ದಾರೆ. ಉಲ್ಲೇಖ (1)ರ ಪ್ರಕಾರ ಸದರಿ ಗುಮಾಸ್ತರ ಮೇಲೆ ಶಿಸ್ತುಕ್ರಮ ಜರುಗಿಸಬೇಕಾಗಿದ್ದು, ಈ ಸುತ್ತೋಲೆಯ ಪ್ರಕಾರ ಅವರನ್ನು ಅಭಿನಂದಿಸಬೇಕಾಗಿದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಕಳುಹಿಸಲು ಕ್ರಮವಹಿಸಲಾಗಿದೆ.

9. ಸಿಬ್ಬಂದಿಯ ಸ್ವಂತ ಬಂಧುಗಳು ವ್ಯಾಪಾರಿಗಳಾಗಿದ್ದಲ್ಲಿ:

(ಅ) ಸ್ವಂತ ಅಕ್ಕನನ್ನು ಅಕ್ಕ ಎಂದೇ ಕರೆಯತಕ್ಕದ್ದು. ಇದಕ್ಕೆ ವಹಿವಾಟಿನ ಮಿತಿ ಅನ್ವಯಿಸುವುದಿಲ್ಲ. ಪೂರ್ವಾನುಮತಿ ಬೇಕಾಗಿಲ್ಲ.

(ಆ) ಅಕ್ಕ ಸ್ಟೂಲಿನ ಮೇಲಿನ ಬಟ್ಟೆ ಸರಿಸಿ ಕೂರಲು ಹೇಳಿದಾಗ ಕೂರತಕ್ಕದ್ದು. ಕೂರದಿರುವುದನ್ನು ಕರ್ತವ್ಯಲೋಪವೆಂದು ಪರಿಗಣಿಸಲಾಗುವುದು.

(ಇ) ಗಿರಾಕಿಗಳ ಎದುರು ಅಕ್ಕನ ಮುಖ ಚಿಕ್ಕದಾಗುವಂತೆ ಯಾವ ಸಿಬ್ಬಂದಿಯೂ, ಯಾವ ಸುತ್ತೋಲೆಯ ಅಡಿಯಲ್ಲಿಯೂ, ಯಾರು ಹೇಳಿದರೂ ನಡೆದುಕೊಳ್ಳತಕ್ಕದ್ದಲ್ಲ. ಮೇಲಿನವರು ಹೇಳಿದರು ಎಂಬ ಕಾರಣವನ್ನು ಅಕ್ಕಂದಿರು ಒಪ್ಪುವುದಿಲ್ಲ. ಈ ಶಾಖೆಯೂ ಒಪ್ಪುವುದಿಲ್ಲ.

(ಈ) ತಂಗಿ, ಅತ್ತಿಗೆ, ನಾದಿನಿಯರಿಗೂ ಇದು ಅನ್ವಯ. ಭಾವಮೈದುನರ ವಿಷಯವನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು, ಏಕೆಂದರೆ ಹಾರ್ಡ್‌ವೇರ್ ಅಂಗಡಿಯವರು ಅಧೀಕ್ಷಕರ ಭಾವಮೈದುನರಾಗಿದ್ದು, ಅವರು ನಿಜವಾಗಿಯೂ ತೆರಿಗೆ ಕಟ್ಟಬೇಕಾದವರು.

10. ಪ್ಯಾಂಟುಗಳ ಬಗ್ಗೆ: ಷಟರ್ ತೆರೆದ ತಕ್ಷಣ ಮೊದಲು ಪ್ಯಾಂಟು, ಆಮೇಲೆ ಮಾತು ಎಂಬ ಮಾನ್ಯ ವೃತ್ತಾಧಿಕಾರಿಗಳ ಸೂಚನೆಯನ್ನು ಗೌರವಪೂರ್ವಕವಾಗಿ ಪರಿಶೀಲಿಸಿ, ಪಾಲಿಸಲು ಸಾಧ್ಯವಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ. ಮೊದಲು ಮಾತು. ಪ್ಯಾಂಟು ಎಲ್ಲಿಗೂ ಓಡಿಹೋಗುವುದಿಲ್ಲ. ಅಲ್ಲಿಯವರೆಗೆ ಮಾನ್ಯರ ಕೊಠಡಿಗೆ ಹೋಗುವ ಸಿಬ್ಬಂದಿಯು ಕಡತಗಳನ್ನು ಅವರ ಕೈಗೇ ಒಯ್ದು ಕೊಡತಕ್ಕದ್ದು; ಎದ್ದು ನಿಲ್ಲಬೇಕಾಗುವ ಸಂದರ್ಭಗಳನ್ನು ಸೃಷ್ಟಿಸತಕ್ಕದ್ದಲ್ಲ.

11. ಹೊಲಿಗೆ ಅಂಗಡಿಗೆ ವಿಶೇಷ ಭೇಟಿ: ಈ ಸುತ್ತೋಲೆ ಹೊರಟ ದಿನವೇ, ಅಂದರೆ ಮಿಷನ್ ನೋಡುವವರು ಬರುವ ಮುಂಚೆ, ಕೆಳಸಹಿದಾರರು ಸದರಿ ಷಟರಿನ ಮುಂದೆ ಹಾಜರಾಗತಕ್ಕದ್ದು. ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಳ್ಳತಕ್ಕದ್ದು. ಷಟರನ್ನು ಬೆರಳ ಗಂಟಿನಿಂದ ಮೆಲ್ಲಗೆ ತಟ್ಟತಕ್ಕದ್ದು; ಅಂಗೈಯಿಂದ ಬಡಿದರೆ ಜಪ್ತಿಯಂತೆ ಕೇಳಿಸುತ್ತದೆ. ಒಳಗಿನಿಂದ “ಯಾರು?” ಎಂಬ ಪ್ರಶ್ನೆ ಬಂದಲ್ಲಿ ಪದನಾಮ ಹೇಳುವಂತಿಲ್ಲ. ಪ್ರಶ್ನೆ ಬಾರದಿದ್ದಲ್ಲಿ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತಿರತಕ್ಕದ್ದು. ಬೀದಿಯವರೆಲ್ಲ ನೋಡುತ್ತಾರೆ ಎಂಬ ಕಾರಣಕ್ಕೆ ಎದ್ದು ಬರುವಂತಿಲ್ಲ. ಅಂದು ಅಕ್ಕನನ್ನೂ ಜನ ನೋಡಿದ್ದರು.

12. ಸದರಿ ಅವಧಿಯನ್ನು ಕೆಳಸಹಿದಾರರ ಗೈರುಹಾಜರಿ ಎಂದು ಹಾಜರಿ ಪುಸ್ತಕದಲ್ಲಿ ಗುರುತಿಸಬಹುದಾಗಿದೆ. ಸಂಬಳ ಕಡಿತವಾದರೂ ಆಕ್ಷೇಪಣೆಯಿಲ್ಲ.

13. ಈ ಸುತ್ತೋಲೆಯು ಕೂಡಲೇ ಜಾರಿಗೆ ಬರತಕ್ಕದ್ದು. ಕೂಡಲೇ ಎಂದರೆ ಸಾಮಾನ್ಯವಾಗಿ ಈ ಕಚೇರಿಯಲ್ಲಿ ಇರುವ ಅರ್ಥದಲ್ಲಿ ಅಲ್ಲ.

(ಸಹಿ/-)
ಸಹಾಯಕ ತೆರಿಗೆ ಅಧಿಕಾರಿ
ಅರಿವು ಮತ್ತು ಪಾಲನಾ ಶಾಖೆ
ವೃತ್ತಾಧಿಕಾರಿಗಳ ಪರವಾಗಿ
(ಮಾನ್ಯರು ಕುರ್ಚಿಯಿಂದ ಏಳುವ ಸ್ಥಿತಿಯಲ್ಲಿಲ್ಲದ ಕಾರಣ)

ಪ್ರತಿಗಳು:

1) ಮಾನ್ಯ ವೃತ್ತಾಧಿಕಾರಿಗಳಿಗೆ, ಅವಗಾಹನೆಗಾಗಿ. ಓದಿದ ನಂತರ ಮಡಿಲಲ್ಲಿ ಇಟ್ಟುಕೊಳ್ಳಬಹುದು.
2) ಎಲ್ಲ ಕ್ಷೇತ್ರ ಸಿಬ್ಬಂದಿಗೆ, ಚೀಲ ಸಹಿತ.
3) ದಾಖಲೆ ಕೊಠಡಿಯ ಗುಮಾಸ್ತರಿಗೆ. ಉಳಿದ ಮೀಸೆಯನ್ನೂ ತೆಗೆಸಿಕೊಳ್ಳುವ ಬಗ್ಗೆ ಸೂಕ್ತ ನಿರ್ಧಾರಕ್ಕಾಗಿ.
4) ಜೀಪಿನ ಚಾಲಕರಿಗೆ, ವಿಶ್ರಾಂತಿಗಾಗಿ.
5) ಬೀಗದ ಕೈ ಮಾಡುವವರಿಗೆ, ಅಂಗಡಿಯವರು ಊರಿಂದ ಬಂದ ಮೇಲೆ ತಲುಪಿಸಲು.
6) ಹಾರ್ಡ್‌ವೇರ್ ಅಂಗಡಿಯವರಿಗೆ, ಅಧೀಕ್ಷಕರ ಮುಖಾಂತರ ಬೇಡ, ನೇರವಾಗಿ.
7) ಕೆಳಸಹಿದಾರರ ಹೆಂಡತಿಗೆ, ಸರಿಮಾಡಲು ಹೊರಟಿರುವುದರ ಬಗ್ಗೆ ಮಾಹಿತಿಗಾಗಿ.
8) ಹೊಲಿಗೆ ಅಂಗಡಿಯ ಅಕ್ಕನಿಗೆ, ಷಟರಿನ ಕೆಳಗಿನ ಸಂದಿಯ ಮೂಲಕ. ಸ್ವೀಕೃತಿ ಬೇಕಾಗಿಲ್ಲ. ನಿನಗೆ ತೆರಿಗೆ ಬರೋದೇ ಇಲ್ಲ ಕಣಕ್ಕಾ. ಮಿಷನ್ ಕೊಡಬೇಡ. ನಾನು ಹೊರಗಡೆನೇ ಕೂತಿದ್ದೀನಿ, ಬಾಗಿಲು ತೆಗಿ.